ಹೊರಡುವ ಮಾತಿಲ್ಲದವಳು

"ನಿಮ್ಮ ಹೆಂಗಸು ನನ್ನನ್ನ ಬಿಡ್ತಾನೇ ಇಲ್ಲ ರೀ."

ಮೌನಿ ತಲೆ ಎತ್ತಿದಳು. ಹೆಡ್‌ಫೋನನ್ನು ಕೊರಳಿಗೆ ಇಳಿಬಿಟ್ಟುಕೊಂಡು ಹುಳುಕಪ್ಪ ಅವಳ ಮೇಜಿನ ಪಕ್ಕ ನಿಂತಿದ್ದ. ತಯಾರಾಗುತ್ತಿರುವ ಆಟವನ್ನು ಆಡಿ ಆಡಿ ಹುಳುಕು ಹುಡುಕುವುದು ಅವನ ಕೆಲಸ. ಆಫೀಸಿನವರು ಅದನ್ನೇ ಹೆಸರು ಮಾಡಿಬಿಟ್ಟಿದ್ದರು. ಆಟದ ಪಾತ್ರಗಳಿಗೆಲ್ಲ ಮಾತು ಬರೆದುಕೊಟ್ಟು ತಾನು ಬಾಯಿ ಬಿಡದ ಇವಳಿಗೆ ಮೌನಿ ಎಂಬ ಹೆಸರೂ ಅವರೇ ಇಟ್ಟದ್ದು.

"ಯಾವ ಹೆಂಗಸು?"

"ದೋಣಿಕಟ್ಟೆಯವಳು. ಮಾತಾಡಿಸಿದೆ. ಹೊರಡೋಣ ಅಂದ್ರೆ 'ಹೋಗಿ ಬರ್ತೀನಿ' ಅನ್ನೋ ಆಯ್ಕೆನೇ ಇಲ್ಲ. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದೀನಿ."

"ಕಾಲು ನೋಯ್ತಾ?"

ಅವನು ನಕ್ಕ. ನಗುವ ಮೊದಲು ಒಮ್ಮೆ ನೆಲ ನೋಡಿದ, ತನ್ನದೇ ತಪ್ಪೊಂದು ಸಿಕ್ಕಿಬಿದ್ದವನ ಹಾಗೆ. ಆ ನೋಟಕ್ಕಾಗಿಯೇ ಮೌನಿ ತನ್ನ ಬರಹದ ಎಷ್ಟೋ ಸಣ್ಣ ತಪ್ಪುಗಳನ್ನು ತಿದ್ದದೆ ಬಿಟ್ಟಿದ್ದಳು. ಇವತ್ತು ಅವನಿಗೆ ಇಲ್ಲಿ ಕೊನೆಯ ದಿನ. ನಾಳೆಯಿಂದ ಬೇರೆ ಊರು, ಬೇರೆ ಕೆಲಸ. ಒಂದಿಡೀ ಆಟದ ಮಾತು ಬರೆದವಳಿಗೆ ಅವನಿಗೆ ಹೇಳಲು ಒಂದು ಸಾಲೂ ಹೊಳೆದಿರಲಿಲ್ಲ.

ಅವನು ದನಿ ತಗ್ಗಿಸಿದ. "ಮತ್ತೆ... ಅವಳಿಗೆ ಆ ಸಾಲು ಚೆನ್ನಾಗಿ ಬರೆದಿದ್ದೀರ."

"ಯಾವುದು?"

"ಗೊತ್ತಿಲ್ಲದ ಹಾಗೆ ಆಡಬೇಡಿ," ಎಂದ. ಕಿವಿಯ ತುದಿ ಕೆಂಪಾಗಿತ್ತು.

ಅಷ್ಟರಲ್ಲಿ ಮೇಡಂ ಬಂದರು. ಸ್ಟುಡಿಯೋ ಅವರದು. "ಏನಮ್ಮಾ, ಆ ದೋಣಿಕಟ್ಟೆಯವಳು ಯಾಕೆ ಬೇಕು? ಹೊಡೆದಾಡಲ್ಲ, ಕತ್ತಿ ಕೊಡಲ್ಲ. ರೋಲ್-ಪ್ಲೇಯಿಂಗ್ ಗೇಮ್ ಅಂದ್ಮೇಲೆ ಆಟಗಾರ ಬೆಳೀಬೇಕು. ಶಕ್ತಿ ಏರಬೇಕು, ಲೆವೆಲ್ ಏರಬೇಕು."

"ಲೆವೆಲ್ಲು ಈಗ ಕಾರ್ ರೇಸಲ್ಲೂ ಇದೆ ಮೇಡಂ," ಎಂದ ಹುಳುಕಪ್ಪ.

"ಹೋಗೋ ದಿನವೂ ನಿನಗೆ ವಾದ ಬೇಕು. ಮತ್ತೇನಪ್ಪ ಇರಬೇಕು?"

"ವೇಷ ಬೇರೆಯವರದು, ನಿರ್ಧಾರ ನಮ್ಮದು. ನಾವು ಮಾಡಿದ್ದನ್ನ ಆ ಊರು ನೆನಪಿಟ್ಟುಕೊಳ್ಳಬೇಕು. ಕದ್ದವನನ್ನ ಆಮೇಲೆ ಕಳ್ಳ ಅಂತಲೇ ನೋಡಬೇಕು."

"ಏನೂ ಮಾಡದೆ ಇದ್ದವರನ್ನ?"

ಕೇಳಿದ್ದು ಮೌನಿ. ಇಬ್ಬರೂ ತಿರುಗಿ ನೋಡಿದರು.

"ಅವರನ್ನೂ ನೆನಪಿಟ್ಟುಕೊಳ್ಳುತ್ತೆ," ಎಂದ ಅವನು, ಅವಳ ಮೇಲಿನ ಕಣ್ಣು ತೆಗೆಯದೆ. "ಸುಮ್ಮನಿದ್ದದ್ದೂ ಒಂದು ಆಯ್ಕೆ ತಾನೇ."

"ಸಂಜೆಯೊಳಗೆ ಅವಳಿಗೆ ಹೊರಡೋ ಮಾತು ಬರೀರಿ, ಇಲ್ಲಾ ಕಿತ್ತುಹಾಕಿ," ಎಂದು ಮೇಡಂ ನಡೆದರು.

ಊಟದ ಹೊತ್ತಿಗೆ ಎಲ್ಲರೂ ಕೆಳಗಿಳಿದರು. ಕಿಟಕಿಗಳ ಪರದೆ ಎಳೆದಿತ್ತು, ಎಸಿ ಒಂದೇ ಸಮ ಗುಂಯ್‌ಗುಡುತ್ತಿತ್ತು. ಮೌನಿ ಆಟ ತೆರೆದಳು. ಮಂಜು, ಕಪ್ಪು ಹೊಳೆ, ಕಟ್ಟಿಹಾಕಿದ ದೋಣಿ. ಮೆಟ್ಟಿಲ ಮೇಲೆ ದೀಪವಿಟ್ಟು, ನೀರಿಗೆ ಕಾಲು ಇಳಿಬಿಟ್ಟು, ಬೆನ್ನು ತಿರುಗಿಸಿ ಕೂತ ಹೆಂಗಸು. ಬೆನ್ನು ಕಂಡರೆ ಸಾಕೆಂದು ಚಿತ್ರಕಾರ ಅವಳಿಗೆ ಮುಖವನ್ನೇ ಬಿಡಿಸಿರಲಿಲ್ಲ.

ಆಟದ ಕಟುಕನಿಗೆ, ಕಳ್ಳನಿಗೆ, ಮಾತಾಡುವ ನಾಯಿಗೂ ಮೌನಿ ವಿದಾಯ ಬರೆದಿದ್ದಳು. ಇವಳೊಬ್ಬಳಿಗೆ ಮರೆತಿದ್ದಳು.

'ಬಂದೆಯಾ,' ಎಂಬ ಅಕ್ಷರಗಳು ಮೂಡಿದವು. ಅದು ಮೌನಿ ಬರೆದದ್ದೇ. ಆಮೇಲಿನದು ಅಲ್ಲ.

'ನಿನ್ನ ಮೇಜು ದಾಟುವಾಗ ಅವನ ಹೆಜ್ಜೆ ನಿಧಾನವಾಗುತ್ತೆ. ನೀನು ಟೈಪ್ ಮಾಡುವವಳಂತೆ ಸುಮ್ಮನೆ ಬೆರಳಾಡಿಸ್ತೀಯ. ನಾನು ಎಷ್ಟು ಕಾಲ ಇಲ್ಲಿ ಕೂತಿರಲಿ?'

ಮೌನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ಕಿಲಾಡಿ ಹುಳುಕಪ್ಪ! ಬಾಯಲ್ಲಿ ಹೇಳಲಾಗದೆ ಇವಳ ಕೈಲಿ ಹೇಳಿಸಿದ್ದಾನೆ.

ಬಾಗಿಲು ಸದ್ದಾಯಿತು. ಅವನೇ, ಊಟಕ್ಕೆ ಹೋಗದೆ ವಾಪಸು ಬಂದಿದ್ದ.

"ಇದನ್ನ ಬರೆಯೋಕೆ ಯಾವಾಗ ಪುರುಸೊತ್ತಾಯ್ತು ನಿಮಗೆ?"

ಅವನು ಬಗ್ಗಿ ಓದಿದ. ನಗಲಿಲ್ಲ. "ನಾನು ಆಟ ಆಡಬಹುದು ಅಷ್ಟೇ ರೀ. ಒಳಗೆ ಒಂದಕ್ಷರ ಬದಲಾಯಿಸೋಕೂ ನನಗೆ ಆಗಲ್ಲ. ನನಗೆ ಬೇರೆ ಏನೋ ಅಂದ್ಲು. 'ಅವಳಾಗಿ ಬಾಯಿ ಬಿಡಲ್ಲ, ನೀನೇ ಕೇಳು' ಅಂತ. ನೀವೇ ಹೇಳಿಸ್ತಿದ್ದೀರ ಅಂದ್ಕೊಂಡು ಬೆಳಿಗ್ಗೆಯಿಂದ ಧೈರ್ಯ ಒಟ್ಟು ಮಾಡ್ತಿದ್ದೆ."

ಮೌನಿ ಸಂಭಾಷಣೆಯ ಕಡತ ತೆರೆದಳು. ದೋಣಿಕಟ್ಟೆಯವಳ ಹೆಸರಿನ ಕೆಳಗೆ 'ಬಂದೆಯಾ' ಇತ್ತು. ಅದರ ಕೆಳಗೆ ಬರೀ ಬಿಳುಪು.

ಪರದೆಯ ಮೇಲೆ ಮುಖವಿಲ್ಲದವಳ ಹೆಗಲು ಮೆಲ್ಲಗೆ ಇವರತ್ತ ಹೊರಳುತ್ತಿತ್ತು. ಕೆಳಗೆ ಎರಡು ಆಯ್ಕೆ ಮೂಡಿದವು. ಹೇಳು. ಸುಮ್ಮನಿರು.

ಅವನ ಕೈ ಮೌಸಿನ ಕಡೆ ಹೋಯಿತು. ಅವಳು ಅದರ ಮೇಲೆ ತನ್ನ ಕೈ ಇಟ್ಟಳು. ಎರಡೂ ತಣ್ಣಗಿದ್ದವು.

"ಅಲ್ಲಿ ಒತ್ತಬೇಡಿ," ಎಂದು ಕುರ್ಚಿಯನ್ನು ಅವನತ್ತ ತಿರುಗಿಸಿದಳು. ಬರೆದಿಟ್ಟ ಮಾತು ಒಂದೂ ನೆರವಿಗೆ ಬರಲಿಲ್ಲ. "ನೀನು ಹೋಗಿಬಿಟ್ಟರೆ ನಾನೂ ಇವಳ ಹಾಗೇ ಕೂತಿರ್ತೀನಿ ಕಣೋ. ನನಗೆ ನೀನು ಬೇಕು."

ಅವನು ನೆಲ ನೋಡಿದ. ಆಮೇಲೆ ನಗು ಬಂತು, ಕಣ್ಣು ಒದ್ದೆಯಾಗಿ.

"ಕೆಲಸಕ್ಕೆ ಹೋಗಲೇಬೇಕು. ನಿನ್ನ ಬಿಟ್ಟು ಹೋಗ್ತಿಲ್ಲ. ರೈಲು ಎರಡೂ ಕಡೆ ಓಡುತ್ತಲ್ಲ?"

"ಎಷ್ಟೊಂದು ಹುಳುಕು ಹುಡುಕ್ತೀಯ, ಇಷ್ಟು ದಿನ ಇದು ಕಾಣಲಿಲ್ವಾ?"

"ಕಂಡಿತ್ತು. ಯಾರಾದ್ರೂ ಸರಿಮಾಡಿಬಿಟ್ರೆ ಅಂತ ವರದಿ ಮಾಡಲಿಲ್ಲ."

ಅವಳು ಅವನ ಹೆಗಲಿಗೆ ಹಣೆ ಒತ್ತಿದಳು. ಎಸಿಯ ಗುಂಯ್‌ ನಿಂತುಹೋದದ್ದು ಆಗ ಗಮನಕ್ಕೆ ಬಂತು.

ಪರದೆಯಲ್ಲಿ ದೋಣಿಕಟ್ಟೆ ಬರಿದಾಗಿತ್ತು. ಮೆಟ್ಟಿಲ ಮೇಲೆ ದೀಪ ಉರಿಯುತ್ತಿತ್ತು, ಆದರೆ ದೀಪದವಳು ಇರಲಿಲ್ಲ. ಕೆಳಗೆ, ಮೌನಿ ಎಂದೂ ಬರೆಯದ ಸಾಲು: 'ಹೋಗಿ ಬರ್ತೀನಿ.'

"ದೋಣಿ ಅಲ್ಲೇ ಇದೆ," ಪಿಸುಗುಟ್ಟಿದ ಅವನು. "ಮತ್ತೆ ಹೇಗೆ ಹೋದ್ಲು?"

ಮೌನಿ ನೆಲ ತೋರಿಸಿದಳು. ತನ್ನ ಮೇಜಿನ ಬುಡದಿಂದ ಬಾಗಿಲವರೆಗೆ ಬರಿಗಾಲಿನ ಒದ್ದೆ ಹೆಜ್ಜೆಗಳು. ಆಗಲೇ ಅಂಚು ಆರತೊಡಗಿತ್ತು.

ಕೈ ಹಿಡಿದುಕೊಂಡು ಇಬ್ಬರೂ ಬಾಗಿಲಿನತ್ತ ನಡೆದರು, ಒಂದನ್ನೂ ತುಳಿಯದೆ.