ಟ್ಯಾಂಕಿನ ಹಿಂದಿನ ಹದಿನೈದು ಮೀಟರ್

"ಒಂದೋ ನನ್ನ ಸಾಫ್ಟ್‌ವೇರ್ ಸುಳ್ಳು ಹೇಳಾಕತ್ತೈತಿ, ಇಲ್ಲಾ ನಿಮ್ಮ ಕೇಬಲ್," ಎಂದಳು ಶೈಲಜಾ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

"ಕೇಬಲ್ ಹೊಸಾದ ಐತ್ರಿ ಮೇಡಂ." ಅವಳು ಕೇಳದ ಪ್ರಶ್ನೆಗೆ ರುದ್ರೇಶ ಉತ್ತರ ಕೊಟ್ಟ.

ಗಂಗಾವತಿಯ ಅಕ್ಕಿ ಗಿರಣಿಯೊಂದರ ಪಕ್ಕದ ಮಾಳಿಗೆಯಲ್ಲಿ ರೈತರ ರೇಡಿಯೊ ಶುರುವಾಗಬೇಕಿತ್ತು. ಶೈಲಜಾ ಅದರ ಇಂಜಿನಿಯರ್, ಕೊಪ್ಪಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಊರಿಗೆಲ್ಲ ಟಿವಿ ಕೇಬಲ್ ಎಳೆಯುವ ರುದ್ರೇಶ ಆಂಟೆನಾದ ಕೇಬಲ್ಲನ್ನೂ ಎಳೆದಿದ್ದ.

ಕೇಬಲ್ ಯಾವುದು, ಎಷ್ಟು ಉದ್ದ ಎಂದು ತುಂಬಿದರೆ ದಾರಿಯಲ್ಲಿ ಸೋರುವ ಪವರನ್ನು ಲೆಕ್ಕಹಾಕುವ ಸಾಫ್ಟ್‌ವೇರ್ ಅವಳೇ ಬರೆದದ್ದು. ಮೂವತ್ತು ಮೀಟರಿಗೆ, ಕೆಳಗಿನಿಂದ ಹೊರಟ ಐವತ್ತು ವ್ಯಾಟಿನಲ್ಲಿ ಮೂವತ್ತೊಂದು ಆಂಟೆನಾಕ್ಕೆ ಮುಟ್ಟಬೇಕು. ಆಂಟೆನಾದ ಬುಡದ ಮೀಟರ್ ಇಪ್ಪತ್ತೈದೇ ತೋರಿಸುತ್ತಿತ್ತು. ಮೂರು ದಿನದಿಂದ.

ಅವಳು ಕೂರುತ್ತಿದ್ದಳು, ಏಳುತ್ತಿದ್ದಳು, ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅವನು ನೋಡುತ್ತಿದ್ದ. ಅವಳು ತಿರುಗಿದರೆ ಸ್ಕ್ರೂಡ್ರೈವರ್ ಒರೆಸುತ್ತಿದ್ದ.

"ಅದನ್ನ ಎಷ್ಟು ಸಲ ಒರಸ್ತೀರಿ? ಸವದ್ಹೋದೀತು."

ಅವನು ನಗಲಿಲ್ಲ. ಅವಳು ಫೋನ್ ಎತ್ತಿದಳು. "ನಮ್ಮ ಆಫೀಸಿನ ಸರ್‌ಗೆ ಹೇಳಿಬಿಡ್ತೀನಿ. ನನ್ನ ಲೆಕ್ಕ ತಪ್ಪೈತಿ, ಇದನ್ನ ಬಳಸೂದು ಬ್ಯಾಡ ಅಂತ."

"ಮೇಡಂ, ಫೋನ್ ಇಡ್ರಿ. ಮೂವತ್ತಲ್ಲ, ನಲವತ್ತೈದು ಮೀಟರ್ ಐತಿ."

ಅವನು ಕರೆದೊಯ್ದು ತೋರಿಸಿದ. ನೀರಿನ ಟ್ಯಾಂಕಿನ ಹಿಂದೆ, ಗೋಣಿಚೀಲದ ಕೆಳಗೆ ಕೇಬಲ್ ಸುರುಳಿ ಸುತ್ತಿಕೊಂಡಿತ್ತು.

"ನಮ್ಮ ರೂಢಿರಿ. ಮನಿಯವ್ರು ಟಿವಿ ಈ ಖೋಲಿಯಿಂದ ಆ ಖೋಲಿಗೆ ಒಯ್ತಾರಂತ ಹೆಚ್ಚಿಗಿ ಬಿಟ್ಟಿರ್ತೀವಿ. ಅದೂ ಲೆಕ್ಕಕ್ಕ ಬರತೈತಿ ಅಂತ ಗೊತ್ತಿರಲಿಲ್ಲ."

"ನಿನ್ನೆ ಗೊತ್ತಾತಲ್ಲ? ಉದ್ದ ಹೆಚ್ಚಾದ್ರ ಪವರ್ ಕಡಿಮಿ ಆಗತೈತಿ ಅಂತ ನಿಮ್ಮ ಮುಂದನ ತೋರಿಸಿದ್ನಲ್ಲ?"

"ಗೊತ್ತಾತ್ರಿ. ಲೆಕ್ಕ ಕೂಡಿದ್ರ ನಾಳಿಂದ ನೀವು ಬರಂಗಿಲ್ಲ ಅಂತ ಸುಮ್ನಾದೆ."

ಅವಳು ನಲವತ್ತೈದು ಎಂದು ತುಂಬಿದಳು. ಇಪ್ಪತ್ತೈದು, ಎಂದಿತು ಪರದೆ. ಅವಳ ಕಣ್ಣು ತುಂಬಿತು.

"ನನ್ನ ಮ್ಯಾಲ ನನಗ ನಂಬಿಕಿ ಇಲ್ಲದಂಗ ಮಾಡಿದ್ರಲ್ರಿ. ಒಂದು ಮಾತು ಕೇಳಿದ್ರ ನಾ ಬರ್ತಿದ್ದಿಲ್ಲೇನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತಲೆ ತಗ್ಗಿಸಿ ಹೆಚ್ಚಿನದನ್ನು ಕತ್ತರಿಸಿದ, ಕನೆಕ್ಟರ್ ಕೂಡಿಸಿದ. ಮೀಟರಿನ ಮುಳ್ಳು ಮೂವತ್ತೊಂದಕ್ಕೆ ಬಂದು ನಿಂತಿತು. ಕೆಲಸ ಮುಗಿದಿತ್ತು. ಅವಳು ಬ್ಯಾಗ್ ಹೆಗಲಿಗೇರಿಸಿದಳು.

ಬಸ್‌ಸ್ಟ್ಯಾಂಡಿನವರೆಗೂ ಅವನು ನಾಲ್ಕು ಹೆಜ್ಜೆ ಹಿಂದೆಯೇ ನಡೆದ. ಕೊಪ್ಪಳದ ಬಸ್ಸಿನ ಮೆಟ್ಟಿಲ ಮೇಲೆ ಅವಳು ತಿರುಗಿದಳು.

"ಐತವಾರ ನಮ್ಮ ಮನಿಗೆ ಬರ್ರಿ. ನಮ್ಮವ್ವ ಭಾಳ ಪ್ರಶ್ನೆ ಕೇಳ್ತಾಳ. ಒಂದು ಸುಳ್ಳು ಹೇಳಿದ್ರೂ ಬರೇ ಚಾ ಕುಡಿಸಿ ಕಳಸ್ತೀನಿ."

"ಹೇಳದಿದ್ರ?"

"ಊಟಕ್ಕ ಕುಂದ್ರಿಸ್ತೀನಿ."

ಬಸ್ ಹೊರಟಿತು. ಭಾನುವಾರಕ್ಕೆ ಇನ್ನೂ ನಾಲ್ಕು ದಿನ. ರುದ್ರೇಶನಿಗೆ ಅಲ್ಲಿಯೇ ನಿಲ್ಲಲೂ ಆಗಲಿಲ್ಲ, ಮನೆಗೆ ಹೋಗಲೂ ಆಗಲಿಲ್ಲ.