ಡ್ರೈವರನ ಹಿಂದಿನ ಸೀಟು

“ದ್ರೋಹಿ! ಕಟ್ಟಿಕೊಂಡ ಗಂಡನಿಗೇ ದ್ರೋಹ ಬಗೆದೆಯಲ್ಲೇ!”

ಖಾಕಿ ಅಂಗಿಯನ್ನು ಬಿಚ್ಚಿ ಅವನು ನೆಲಕ್ಕೆಸೆದಾಗ ಅವಳು ಒಲೆಯ ಮುಂದಿನಿಂದ ಕದಲಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರ ಬಾಯಿಗೆ ಬೀಗವೆಲ್ಲಿ! “ನಂಬಿಕೆದ್ರೋಹಿ, ಮನೆಹಾಳಿ, ನನ್ನ ಮಗನ ಕುತ್ತಿಗೆ ಕುಯ್ದವಳು...” ಎಂದು ಒಂದೇ ಉಸಿರಿಗೆ ಬೈದರು. ಅವೆಲ್ಲ ಅವಳಿಗೆ ಹಳೆಯವು. ಸಾರಿಗೆ ಉಪ್ಪು ಹೆಚ್ಚಾದರೂ ಅತ್ತೆಯ ಬಾಯಲ್ಲಿ ಅವಳು ಮನೆಹಾಳಿಯೇ. ಆದರೆ ಗಂಡ ಈ ತನಕ ಒಂದು ಕೆಟ್ಟ ಮಾತು ಆಡಿದವನಲ್ಲ. ಅವನಂದದ್ದು ಎದೆಗೇ ನಾಟಿತು.

ಅವಳು ಮಾಡಿದ್ದಾದರೂ ಏನು? ಬಸ್ ಓಡಿಸುವ ಗಂಡನಿಗೆ ಆಗಾಗ ಪ್ರಜ್ಞೆ ತಪ್ಪುತ್ತಿತ್ತು. ಬೀಳುತ್ತಿರಲಿಲ್ಲ, ಕಣ್ಣು ತೆರೆದೇ ಇರುತ್ತಿತ್ತು, ಮನುಷ್ಯ ಮಾತ್ರ ಅಲ್ಲಿರುತ್ತಿರಲಿಲ್ಲ. “ಯಾರಿಗೂ ಹೇಳಬೇಡ ಕಣೇ, ಕೆಲಸ ಹೋದ್ರೆ ನಾನು ಸತ್ತಂಗೆ” ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಮಾತು ಕೊಟ್ಟ ತಪ್ಪಿಗೆ ಅವಳು ದಿನವೂ ಅವನ ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲೇ ಕೂರತೊಡಗಿದಳು. ಕನ್ನಡಿಯಲ್ಲಿ ಅವನ ಕಣ್ಣು ನಿಂತಂತೆ ಕಂಡರೆ ಭುಜ ಹಿಡಿದು ಅಲುಗಿಸುವುದು, ಅಷ್ಟೇ. “ನಮ್ಮ ಡ್ರೈವರ್‌ಗೆ ಹೆಂಡ್ತಿ ಬಿಟ್ಟಿರೋಕಾಗಲ್ಲಪ್ಪ!” ಎಂದು ಕಂಡಕ್ಟರ್ ರೇಗಿಸುತ್ತಿದ್ದ, ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಅಬ್ಬಾ, ಎಂಥ ಹುಚ್ಚು ಧೈರ್ಯ!

ಮೊನ್ನೆ ಸೇತುವೆಯ ಮೇಲೆ ಎಷ್ಟು ಅಲುಗಿಸಿದರೂ ಅವನಿಗೆ ಎಚ್ಚರವಾಗಲಿಲ್ಲ. ಅವಳೇ ಬಾಗಿ ಸ್ಟೀರಿಂಗ್ ಎಳೆದಳು... ಬಸ್ಸು ಕಟ್ಟೆಗೆ ಉಜ್ಜಿದ ಸದ್ದಿಗೆ ಅವನು ಬೆಚ್ಚಿ ಬ್ರೇಕ್ ಒತ್ತಿದ. ನಾಯಿ ಅಡ್ಡ ಬಂತೆಂದ; ಎಲ್ಲರೂ ನಂಬಿದರು. ಅವಳು ಮಾತ್ರ ಇಳಿದವಳೇ ನೆಟ್ಟಗೆ ಡಿಪೋಗೆ ಹೋಗಿ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

“ನಾಳೆ ವಿಚಾರಣೆಗೆ ಕರೀತಾರಂತೆ. ಗಂಡನ ಮೇಲಿನ ಸಿಟ್ಟಿಗೆ ಸುಳ್ಳು ಹೇಳ್ದೆ ಅನ್ನು!” ಅತ್ತೆ ಗುಡುಗಿದರು. “ಆಗಲ್ಲ ಅಂದ್ರೆ ಈಗಲೇ ತವರಿಗೆ ನಡಿ!”

ಅವಳು ಗಂಡನತ್ತ ತಿರುಗಿದಳು. ಅವನು ಗೋಡೆ ನೋಡುತ್ತಿದ್ದ.

“ನೀವಂದಿದ್ದು ತಪ್ಪಲ್ಲ ರೀ... ಮಾತು ಕೊಟ್ಟು ಮುರಿದೆ. ನಂಬಿದೋರಿಗೆ ಮಾಡೋದನ್ನೇ ದ್ರೋಹ ಅನ್ನೋದು. ಆದ್ರೆ ಬಸ್ಸಲ್ಲಿ ಕೂತೋರೂ ನಮ್ಮನ್ನ ನಂಬಿದ್ರಲ್ವಾ? ಆ ಬಸುರಿ ಟೀಚರ್ ದಿನಾ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡ್ತಿದ್ಲು... ನಾವಿಬ್ರೂ ಸೇರ್ಕೊಂಡು ಅವಳಿಗೆ ಮಾಡಿದ್ದನ್ನ ಏನಂತ ಕರೀತೀರಿ? ಹೇಳಿ!”



“ಕಥೆ ಕಟ್ಟೋದು ನೋಡು...” ಅತ್ತೆ ಶುರು ಮಾಡಿದರು.

“ಅಮ್ಮಾ, ಸಾಕು! ಅವಳು ಹೇಳಿದ್ದೆಲ್ಲ ನಿಜ. ನಾಳೆ ನಾನೇ ಹೋಗಿ ಒಪ್ಕೋತೀನಿ. ಇನ್ಮೇಲೆ ಬಸ್ ಮುಟ್ಟಲ್ಲ.”

ಅತ್ತೆ ಅಲ್ಲೇ ಕುಸಿದು ಕೂತರು. ಅವನು ಹೆಂಡತಿಯ ಹತ್ತಿರ ಬಂದು, ಮೊದಲ ಬಾರಿಗೆ ಅವಳ ಮುಂದೆ ಅತ್ತ.

“ನಾನು ನಿನ್ನಿಂದ ಮಾತು ತಗೊಂಡ ದಿನಾನೇ... ಅವತ್ತೇ ಯಾಕೆ ನೀನು ನಂಗೆ ದ್ರೋಹ ಮಾಡ್ಲಿಲ್ಲ?”