ನಾವು ಬರೆಯದ ಉತ್ತರ

ಹಿರೇಕೆರೂರಿನಲ್ಲಿ ನಾನು ಮತ್ತು ಮುಜಮ್ಮಿಲ ಸೇರಿ, ಬಾವಿಯ ಪಂಪನ್ನು ಮೊಬೈಲಿನಿಂದ ಚಾಲೂ ಮಾಡುವ ಆ್ಯಪ್ ಬರೆಯುತ್ತಿದ್ದೇವೆ. ಬರೆದ ಜಾವಾಸ್ಕ್ರಿಪ್ಟ್ ಕೋಡ್ ಸರಿಯಿದೆಯೇ ಎಂದು ಟೆಸ್ಟ್ ಓಡಿಸುವಾಗ, ಪಂಪಿಗೆ ಆದೇಶ ಕಳಿಸುವ ನಿಜವಾದ ಸರ್ವರನ್ನು ಮುಟ್ಟುವುದಿಲ್ಲ. ಅದು ಕೊಡಬೇಕಾದ ಉತ್ತರವನ್ನು ನಾವೇ ಬರೆದಿಡುತ್ತೇವೆ. ಅದಕ್ಕೆ ಮಾಕ್ ಅನ್ನುತ್ತಾರೆ. ಅದರಲ್ಲಿ ಪಂಪಿನ ಒಡತಿಗೊಂದು ಸುಳ್ಳು ಹೆಸರು ಬೇಕಿತ್ತು. ಬಾಯಿಗೆ ಬಂದಂತೆ ‘ಶೇಖವ್ವ, ಚಿಕ್ಕೇರೂರು’ ಎಂದು ಹಾಕಿ, ಉತ್ತರ ‘ಪಂಪ್ ಚಾಲೂ ಆಗಿದೆ’ ಎಂದು ಬರೆದೆ.

ಹೋದ ಸೋಮವಾರ ಮಧ್ಯಾಹ್ನ ವೈಫೈ ಬಂದ್ ಮಾಡಿಯೇ ಟೆಸ್ಟ್ ಓಡಿಸಿದೆ. ಬೆರಳಡಿ ಕೀಬೋರ್ಡು ಬಾವಿಗಲ್ಲಿನಂತೆ ತಣ್ಣಗಾಯಿತು. ಹಸಿ ಕೆಸರಿನ ವಾಸನೆ ಬಂತು. ಟೆಸ್ಟ್ ಫೇಲಾಗಿತ್ತು. ಬಂದ ಉತ್ತರ ಕೆಂಪು ಅಕ್ಷರದಲ್ಲಿತ್ತು: ‘ಚಾಲೂ ಮಾಡಬ್ಯಾಡ್ರಿ. ನಾ ಇನ್ನೂ ಒಳಗ ಅದೇನಿ.’

“ಇಂಥಾ ಚಾಷ್ಟಿ ಮಾಡಬ್ಯಾಡೋ,” ಎಂದು ಗದರಿದೆ.

“ನಾ ಫೈಲ್ ಮುಟ್ಟೇ ಇಲ್ಲ, ಜಯಕ್ಕ,” ಎಂದ ಪಕ್ಕದಲ್ಲಿದ್ದ ಮುಜಮ್ಮಿಲ.

ಮಾಕ್ ಇದ್ದ ಫೈಲು ತೆರೆದೆವು. ನಾನು ಬರೆದ ಸಾಲೇ ಇತ್ತು. ಮತ್ತೆ ಓಡಿಸಿದೆವು, ಪಾಸಾಯಿತು.

ಆ ಹೆಸರನ್ನು ಅಳಿಸುವ ಧೈರ್ಯ ಇಬ್ಬರಿಗೂ ಇನ್ನೂ ಬಂದಿಲ್ಲ. ನಾವೇ ಬರೆದಿಟ್ಟ ಉತ್ತರ ಬರಲು ಎರಡು ಮಿಲಿಸೆಕೆಂಡ್ ಸಾಕು. ಅವತ್ತಿನ ಕೆಂಪಕ್ಷರದ ಉತ್ತರ ಎಲ್ಲಿಂದಲೋ ಬಂದು ಮುಟ್ಟಲು ನಾಲ್ಕು ಸೆಕೆಂಡ್ ಹಿಡಿದಿತ್ತು.